ಒಂದನೇ ತಾರೀಕಿನಿಂದ ಮ್ಯಾನೇಜರ್

ಟರ್ಪೆಂಟೈನ್ ವಾಸನೆ ಬಂದರೆ ಅವಳು ಈಗಲೂ ಏಳು ವರ್ಷದವಳಾಗಿಬಿಡುತ್ತಿದ್ದಳು. ಅಪ್ಪನ ಅಂಗಡಿಯ ಹಿಂದಿನ ಕೋಣೆ, ಗೋಡೆಗೆ ಒರಗಿಸಿಟ್ಟ ತಗಡಿನ ಬೋರ್ಡುಗಳು, ಡಬ್ಬಿಯ ಬಾಯಿಯಲ್ಲಿ ಕೆನೆಗಟ್ಟಿದ ಬಣ್ಣ, ಕುಂಚ ಒರೆಸಿ ಒರೆಸಿ ಯಾವ ಬಣ್ಣವೆಂದೇ ಹೇಳಲಾಗದಂತಾದ ಅಪ್ಪನ ಹಳೆಯ ಅಂಗಿ, ಎಲ್ಲವೂ ಒಂದೇ ಉಸಿರಿನಲ್ಲಿ ಬಂದು ಹೋಗುತ್ತಿದ್ದವು. ಈಗ ಆ ವಾಸನೆ ಬರುತ್ತಿದ್ದದ್ದು ಸಿಬ್ಬಂದಿ ಅಧಿಕಾರಿಯ ಕೋಣೆಯ ಹೊರಗಿನಿಂದ. ಅಲ್ಲಿ ಪೇಂಟರ್ ಒಬ್ಬ ಏಣಿ ಹಾಕಿಕೊಂಡು ಬಾಗಿಲುಗಳ ಮೇಲಿನ ಹಳೆಯ ಅಕ್ಷರಗಳನ್ನು ಕೆರೆದು ತೆಗೆಯುತ್ತಿದ್ದ. ಅವಳು ಬರುವಾಗ ಏಣಿಯನ್ನು ಎರಡೂ ಕೈಯಿಂದ ಎತ್ತಿ ಸರಿಸಿ, ಬಾಗಿಲು ಹಸಿಯಿದೆ, ಸೀರೆಗೆ ತಗಲೀತು ಎಂದು ಎಚ್ಚರಿಸಿ ದಾರಿ ಬಿಟ್ಟಿದ್ದ.

"ನಿಧಾನವಾಗಿ ಓದಿ. ಒಳ್ಳೆ ಸುದ್ದಿನೇ," ಎಂದು ಸಿಬ್ಬಂದಿ ಅಧಿಕಾರಿ ಕಾಗದವನ್ನು ಎರಡು ಬೆರಳಿನಿಂದ ಅವಳತ್ತ ತಳ್ಳಿದ.

ಹನ್ನೊಂದು ವರ್ಷದಿಂದ ಅವಳು ಆ ಕಂಪನಿಯಲ್ಲಿ ಸಾಫ್ಟ್‌ವೇರ್ ಯೋಜನೆಗಳನ್ನು ನಡೆಸುತ್ತಿದ್ದಳು. ಗಿರಾಕಿಗೆ ಏನು ಬೇಕು ಎಂದು ಕೇಳಿ ಬರೆದುಕೊಳ್ಳುವುದು, ಅದನ್ನು ತುಂಡು ತುಂಡು ಮಾಡಿ ಪ್ರೋಗ್ರಾಂ ಬರೆಯುವವರಿಗೆ ಹಂಚುವುದು, ಯಾರದು ಎಲ್ಲಿಗೆ ಬಂತು ಎಂದು ದಿನವೂ ವಿಚಾರಿಸುವುದು, ಹೇಳಿದ ದಿನಕ್ಕೆ ಮುಗಿಯದು ಎಂದಾದರೆ ಯಾವುದನ್ನು ಕೈಬಿಡಬೇಕು ಎಂದು ತಲೆ ಕೆಡಿಸಿಕೊಳ್ಳುವುದು, ಕೊನೆಗೆ ಅದು ಗಿರಾಕಿಯ ಕೈ ಸೇರುವ ದಿನ ಹೆರಿಗೆ ಕೋಣೆಯ ಹೊರಗೆ ನಿಂತವರ ಹಾಗೆ ನಿಂತಿರುವುದು. ಕೆಲಸ ಇಷ್ಟೇ, ಬದಲಾಗಿರಲಿಲ್ಲ. ಅದಕ್ಕೆ ಕಂಪನಿ ಇಡುವ ಹೆಸರು ಮಾತ್ರ ಬದಲಾಗುತ್ತಿತ್ತು. ಮೊದಲು 'ಫಾಲೋಅಪ್ ಸಹಾಯಕಿ'. ಆಮೇಲೆ 'ಡೆಲಿವರಿ ಸಪೋರ್ಟ್'. ಆಗ ಯಾರೋ ಫೋನು ಮಾಡಿ, ನಮ್ಮ ಪಾರ್ಸೆಲ್ ಇನ್ನೂ ಯಾಕೆ ಬಂದಿಲ್ಲ ಎಂದು ಬೈದಿದ್ದರು. ನಡುವೆ ಎಂಟು ತಿಂಗಳು 'ಟೀಮ್ ಎನೇಬ್ಲರ್' ಎಂದಿತ್ತು. ಹಾಗೆಂದರೇನು ಎಂದು ಹೆಸರಿಟ್ಟವರನ್ನೇ ಕೇಳಿದಾಗ, ನೋಡಿ ಹೇಳುತ್ತೇವೆ ಎಂದವರು ಇವತ್ತಿನವರೆಗೂ ನೋಡುತ್ತಲೇ ಇದ್ದರು. ಈಗ ಆರು ವರ್ಷದಿಂದ 'ಕೋಆರ್ಡಿನೇಟರ್'.

ಮೂರು ಸಲ ಅರ್ಜಿ ಕೊಟ್ಟಿದ್ದಳು. ಮೂರರಲ್ಲೂ ಒಂದೇ ಮಾತು: ನಾನು ಮಾಡುವುದು ಪ್ರಾಜೆಕ್ಟ್ ಮ್ಯಾನೇಜರ್ ಕೆಲಸ, ಹಾಗೆಂದೇ ಬರೆಯಿರಿ; ನಾನು ಯಾರು, ನನ್ನ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂದು ಹೊರಗಿನವರಿಗೆ ತಿಳಿಯಬೇಕು. ಕೆಲಸ ಮುಖ್ಯ, ಬೋರ್ಡಲ್ಲ ಎಂದು ಮೂರು ಸಲವೂ ಉತ್ತರ ಬಂದಿತ್ತು.

ಈಗ ಕಾಗದದಲ್ಲಿ ಅದೇ ಇತ್ತು. ತಮ್ಮ ಹುದ್ದೆಯನ್ನು 'ಪ್ರಾಜೆಕ್ಟ್ ಮ್ಯಾನೇಜರ್' ಎಂದು ಸ್ಪಷ್ಟಪಡಿಸಲಾಗಿದೆ. ವಹಿಸಿಕೊಂಡ ಯೋಜನೆಗಳನ್ನು ಆರಂಭಿಸುವ, ತಡೆಹಿಡಿಯುವ, ಮುಗಿಸುವ ಅಧಿಕಾರ ಮತ್ತು ಪೂರ್ಣ ಹೊಣೆ ತಮ್ಮದು. ಆ ಹೆಸರಿನ ಮೇಲೆ ಅವಳು ಒಮ್ಮೆ ಬೆರಳಾಡಿಸಿದಳು. ಆಮೇಲೆ ಕೊನೆಯ ಸಾಲು ಓದಿದಳು. ಈ ಆದೇಶ ಹಿಂದಿನ ತಿಂಗಳ ಒಂದನೇ ತಾರೀಕಿನಿಂದ ಜಾರಿಯಲ್ಲಿರುತ್ತದೆ.

ಅವಳು ನಡೆಸಿದ ಯೋಜನೆಯ ಪಟ್ಟಿಯಂತೆ ಹೊರಟ ಬಸ್ಸು ಕಂಬಕ್ಕೆ ಗುದ್ದಿದ್ದು ಹಿಂದಿನ ತಿಂಗಳ ಹದಿನೇಳಕ್ಕೆ.

"ಒಂದನೇ ತಾರೀಕಿಂದ ಅಂತ ಯಾಕಿದೆ?"

"ನಿಮಗೇ ಅನುಕೂಲ ಆಗ್ಲಿ ಅಂತ. ಒಂದು ತಿಂಗಳ ಸೀನಿಯಾರಿಟಿ ಜಾಸ್ತಿ ಸಿಗುತ್ತೆ."

"ಕೊಡೋದಾಗಿದ್ರೆ ಹನ್ನೊಂದು ವರ್ಷದ ಹಿಂದಿನಿಂದ ಕೊಡಬಹುದಿತ್ತಲ್ಲ. ಒಂದೇ ತಿಂಗಳಿಗೆ ಯಾಕೆ ನಿಂತ್ರಿ?"

ಸಿಬ್ಬಂದಿ ಅಧಿಕಾರಿ ಹೂಜಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಅವಳ ಮುಂದಿಟ್ಟ. ಕೆಟ್ಟವನಲ್ಲ, ಕೊಟ್ಟ ಕಾಗದವನ್ನು ಹೇಳಿದಲ್ಲಿಗೆ ಮುಟ್ಟಿಸುವವನು. ಅವಳು ಏಳುವಾಗ ತಗ್ಗಿದ ದನಿಯಲ್ಲಿ, ನಾಳೆ ಹನ್ನೊಂದಕ್ಕೆ ಮುಖ್ಯಸ್ಥರ ಕೋಣೆಯಲ್ಲಿ ಸಹಿ ಹಾಕಬೇಕಂತೆ, ಗುರುವಾರ ಡಿಪೋದಲ್ಲಿ ವಿಚಾರಣೆ ಇದೆಯಲ್ಲ, ಅಷ್ಟರೊಳಗೆ ಆಗಬೇಕಂತೆ ಎಂದ. ವಿಚಾರಣೆಯ ಮಾತನ್ನು ಅವನು ಆಡಬೇಕಾಗಿರಲಿಲ್ಲ. ಆಡಿದ.

ಆ ಯೋಜನೆ ಬಸ್ ಡಿಪೋದ್ದು. ಇನ್ನೂರ ಹನ್ನೆರಡು ಚಾಲಕರಲ್ಲಿ ಯಾರು ಯಾವ ದಿನ ಯಾವ ಬಸ್ಸನ್ನು ಎಷ್ಟು ಗಂಟೆಗೆ ತೆಗೆಯಬೇಕು ಎಂಬ ಪಟ್ಟಿಯನ್ನು ಅಲ್ಲಿ ಮೂವತ್ತು ವರ್ಷದಿಂದ ಡ್ಯೂಟಿ ಗುಮಾಸ್ತ ಪೆನ್ಸಿಲಿನಲ್ಲಿ ಬರೆಯುತ್ತಿದ್ದ. ಚಾಪೆಯಷ್ಟು ಅಗಲದ ಹಾಳೆ, ಅದರ ಮೇಲೆ ಬೋರಲು ಬಿದ್ದ ಮನುಷ್ಯ, ಅಂಗಿಯ ಎದೆಯ ತುಂಬ ರಬ್ಬರಿನ ಪುಡಿ. ಯಾರ ಹೆಂಡತಿಗೆ ದಿನ ತುಂಬಿದೆ, ಯಾರ ಕಣ್ಣು ಸಂಜೆಯಾದ ಮೇಲೆ ಮಂಜಾಗುತ್ತದೆ, ಯಾವ ಇಬ್ಬರನ್ನು ಒಂದೇ ದಾರಿಗೆ ಹಾಕಿದರೆ ಕೈಕೈ ಮಿಲಾಯಿಸುತ್ತಾರೆ, ಎಲ್ಲ ಅವನ ತಲೆಯಲ್ಲಿತ್ತು. ಅದನ್ನೆಲ್ಲ ಕಂಪ್ಯೂಟರಿಗೆ ಇಳಿಸುವುದು ಅವಳ ಕೆಲಸ. ಮೊದಲ ದಿನ ಅವಳು ಹೋದಾಗ, "ಬನ್ನಿ ಮೇಡಂ, ನನಗೆ ಎಷ್ಟುದ್ದ ಗುಂಡಿ ತೋಡ್ಬೇಕು ಅಂತ ಅಳತೆ ತಗೊಳ್ಳೋಕೆ ಬಂದ್ರಾ?" ಎಂದು ಕೇಳಿದ್ದ. ಕೇಳುತ್ತಲೇ ತನ್ನ ಟವೆಲಿನಿಂದ ಕುರ್ಚಿ ಒರೆಸಿ ಕೊಟ್ಟಿದ್ದ.

ನಾಲ್ಕು ತಿಂಗಳು ಅವಳು ಆ ಕುರ್ಚಿಯಲ್ಲಿ ಕುಳಿತು ಕಲಿತಳು. ಬೈಯುತ್ತ ಬೈಯುತ್ತಲೇ ಅವನು ಒಂದನ್ನೂ ಬಚ್ಚಿಡದೆ ಹೇಳಿಕೊಟ್ಟ. ಒಂದು ದಿನ ಅವನ ಫೋನಿನಲ್ಲಿ ತನ್ನ ಹೆಸರು 'ಕಂಪ್ಯೂಟರ್ ಮ್ಯಾನೇಜರ್ ಮೇಡಂ' ಎಂದಿದ್ದುದನ್ನು ನೋಡಿದಳು. ಅಲ್ಲ ಎಂದು ಹೇಳಬಹುದಿತ್ತು. ಕಂಪನಿ ಕೊಡದ ಹೆಸರನ್ನು ಒಬ್ಬ ಗುಮಾಸ್ತನಾದರೂ ಕೊಟ್ಟನಲ್ಲ ಎಂದು ಒಳಗೊಳಗೇ ಖುಷಿಯಾಗಿ ಸುಮ್ಮನಾದಳು.

ಪಟ್ಟಿ ಶುರುವಾಗಬೇಕಿದ್ದದ್ದು ಹದಿನೈದನೇ ತಾರೀಕು, ಸೋಮವಾರ. ಹಿಂದಿನ ಗುರುವಾರ ಪರೀಕ್ಷೆಗೆಂದು ತೆಗೆದ ಪಟ್ಟಿಯ ಮೇಲೆ ಡ್ಯೂಟಿ ಗುಮಾಸ್ತ ಬೆರಳಾಡಿಸುತ್ತ ಹೋದ. ಹತ್ತೊಂಬತ್ತನೇ ನಂಬರಿನ ಚಾಲಕನ ಸಾಲಿನಲ್ಲಿ ಬೆರಳು ನಿಂತಿತು.

"ಇವನು ಮಂಗಳವಾರ ರಾತ್ರಿ ಹನ್ನೊಂದೂ ಇಪ್ಪತ್ತಕ್ಕೆ ಬಸ್ ಇಳೀತಾನೆ. ಬುಧವಾರ ಬೆಳಗಾಗೋಕೆ ಮುಂಚೆ, ಐದಕ್ಕೆ ಹತ್ತು ನಿಮಿಷ ಇರೋವಾಗ ಮತ್ತೆ ಹತ್ತಿಸಿದೆ ನಿಮ್ಮ ಯಂತ್ರ. ನಡುವೆ ಒಂಬತ್ತು ಗಂಟೆ ಬಿಡುವು ಇರ್ಬೇಕು ಅಂತ ನಾನು ಹೇಳಿದ್ದು ಕೇಳಿಸ್ಲಿಲ್ವಾ ಅದಕ್ಕೆ?"

ಅವಳು ನೋಡಿದಳು. ಪ್ರೋಗ್ರಾಂ ಗಂಟೆಗಳನ್ನು ಎಣಿಸುತ್ತಲೇ ಇರಲಿಲ್ಲ. ತಾರೀಕು ಬದಲಾಗಿದೆಯೇ ಎಂದಷ್ಟೇ ನೋಡುತ್ತಿತ್ತು. ಬದಲಾಗಿದ್ದರೆ ಮನುಷ್ಯ ಮಲಗಿ ಎದ್ದಿದ್ದಾನೆ ಎಂದು ತಿಳಿಯುತ್ತಿತ್ತು.

"ಕ್ಯಾಲೆಂಡರ್ ಹಾಳೆ ಹರಿದ್ರೆ ನಿದ್ದೆ ಆಯ್ತು ಅಂದ್ಕೊಂಡಿದೆ," ಎಂದ ಅವನು. "ಪಾಪ, ಮಕ್ಕಳು ಮರಿ ಇಲ್ಲದ್ದು. ಅದಕ್ಕೇನು ಗೊತ್ತು ನಿದ್ದೆ ಬೆಲೆ."

ಆಮೇಲೆ ಎದ್ದು ಅಂಗಿ ಕೊಡವಿಕೊಂಡು, ಡಿಪೋದ ದೊಡ್ಡ ಸಾಹೇಬರ ಹತ್ತಿರ ಹೋಗಿ ಈಗಲೇ ನಿಲ್ಲಿಸುತ್ತೇನೆ ಎಂದು ಹೊರಟ. ಅವಳೇ ತಡೆದಳು. ನೀವು ಹೋಗುವುದು ಬೇಡ, ನಾನು ನಿಲ್ಲಿಸುತ್ತೇನೆ, ಇದು ಸರಿಯಾಗದೆ ಸೋಮವಾರ ಶುರುವಾಗುವುದಿಲ್ಲ ಎಂದಳು. ಅವನು ಅವಳ ಮುಖ ನೋಡಿ ಮತ್ತೆ ಕುಳಿತ. "ನೀವು ಹೇಳಿದ್ರೆ ಆಯ್ತು ಬಿಡಿ. ಹೇಗಿದ್ರೂ ಇದಕ್ಕೆ ನೀವೇ ಅಲ್ವಾ ಯಜಮಾನ್ತಿ."

ಶುಕ್ರವಾರ ಬೆಳಗ್ಗೆ ಅವಳು ಮುಖ್ಯಸ್ಥನಿಗೆ ಮೇಲ್ ಬರೆದಳು. ಬಿಡುವಿನ ಲೆಕ್ಕ ತಪ್ಪಿದೆ, ಸರಿಯಾಗುವವರೆಗೆ ಸೋಮವಾರ ಶುರು ಮಾಡಬೇಡಿ. ಸಂಜೆ ಎರಡು ಸಾಲಿನ ಉತ್ತರ ಬಂತು. ಮೊದಲ ವಾರ ಸಣ್ಣಪುಟ್ಟ ತಪ್ಪು ಸಹಜ, ಆಮೇಲೆ ಸರಿಮಾಡೋಣ. ಕೋಆರ್ಡಿನೇಟರ್ ಕೆಲಸ ಎಲ್ಲರನ್ನೂ ಜೊತೆಗೆ ಕರೆದುಕೊಂಡು ಹೋಗುವುದು, ಅಡ್ಡ ನಿಲ್ಲುವುದಲ್ಲ. ಶುರು ಮಾಡಲು ಕಂಪನಿ ಕೊಟ್ಟ ಒಪ್ಪಿಗೆಯ ಹಾಳೆಯಲ್ಲಿ ಮುಖ್ಯಸ್ಥನದೂ ಸೇರಿ ಮೂರು ಸಹಿಗಳಿದ್ದವು. ಅವಳ ಹೆಸರು ಎಲ್ಲಕ್ಕಿಂತ ಕೆಳಗೆ, 'ಪ್ರತಿ: ಮಾಹಿತಿಗಾಗಿ' ಎಂಬಲ್ಲಿ ಇತ್ತು. ಶುಕ್ರವಾರದ ಆ ಸಂಜೆಯಿಂದ ಸೋಮವಾರ ಬೆಳಗಿನವರೆಗಿನ ಹೊತ್ತಿನ ಬಗ್ಗೆ ಅವಳು ಆಮೇಲೆ ಯಾರ ಹತ್ತಿರವೂ ಮಾತಾಡಿರಲಿಲ್ಲ.

ಸೋಮವಾರ ಪಟ್ಟಿ ಶುರುವಾಯಿತು. ಡ್ಯೂಟಿ ಗುಮಾಸ್ತನ ಹಾಳೆ, ಪೆನ್ಸಿಲ್, ಕೋಣೆಯ ಬೀಗದ ಕೈ ಮೂರನ್ನೂ ತೆಗೆದುಕೊಂಡು ಅವನನ್ನು ಟೈರಿನ ಉಗ್ರಾಣದಲ್ಲಿ ಕೂರಿಸಿದರು. ಬುಧವಾರ ಬೆಳಗಿನ ಮೊದಲ ಬಸ್ಸು ಡಿಪೋದ ಅಂಗಳ ದಾಟುವ ಮೊದಲೇ ನೀರಿನ ತೊಟ್ಟಿಯ ಕಂಬಕ್ಕೆ ಗುದ್ದಿತು. ಬಸ್ಸು ಖಾಲಿಯಿತ್ತು. ಬಸ್ಸು ತೊಳೆಯುವ ಹೆಂಗಸು ಬಕೆಟ್ ಎಸೆದು ಒಂದು ಮಾರು ಆಚೆ ಹಾರಿಕೊಂಡಳು. ಹತ್ತೊಂಬತ್ತನೇ ನಂಬರಿನ ಚಾಲಕನ ಬಲಗೈ ಮಣಿಕಟ್ಟು ಎರಡು ಕಡೆ ಮುರಿಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ಗೀರು ಬೀಳಿಸದವನು. ಚಾಲಕ ತೂಕಡಿಸಿದ ಎಂದು ಬರೆದು ಅವನನ್ನು ಅಮಾನತು ಮಾಡಿದರು. ಇಲಾಖೆಯ ಒಬ್ಬ ಹಿರಿಯ ಅಧಿಕಾರಿ ಮಾತ್ರ ಪಟ್ಟಿಯನ್ನು ತರಿಸಿ ನೋಡಿ, ವಿಚಾರಣೆಗೆ ಹಾಕಿ, ಕಂಪನಿಗೂ ಒಂದು ಪ್ರಶ್ನೆ ಕಳಿಸಿದ: ಸೋಮವಾರ ಶುರು ಮಾಡಬೇಕೆಂದು ತೀರ್ಮಾನಿಸಿದವರು ಯಾರು? ಹೆಸರು ಮತ್ತು ಹುದ್ದೆ ತಿಳಿಸಿ.

ಅವಳು ಒಮ್ಮೆ ಉಗ್ರಾಣಕ್ಕೆ ಹೋಗಿದ್ದಳು. ಡ್ಯೂಟಿ ಗುಮಾಸ್ತ ಟೈರುಗಳ ನಡುವೆ ಕೈಕಟ್ಟಿ ಕುಳಿತಿದ್ದ. ಕುರ್ಚಿ ಒಂದೇ ಇತ್ತು, ಅವನು ಏಳಲಿಲ್ಲ. "ನೀವು ಹೇಳಿದ್ರಿ ಅಂತ ಸುಮ್ಮನಾದೆ," ಎಂದ. ಅಷ್ಟೇ. ಆಮೇಲೆ ಫೋನಿನಲ್ಲೂ ಸಿಗಲಿಲ್ಲ.

ಹುದ್ದೆಯ ಕಾಗದ ಕೈಗೆ ಬಂದ ಈ ಸೋಮವಾರ, ಸಂಜೆ ಮನೆಗೆ ಬಂದವಳು ಚೀಲವನ್ನು ಕುರ್ಚಿಯ ಮೇಲೆ ಒಗೆದಳು. ಅಪ್ಪ ಕಿಟಕಿಯ ಬಳಿ ಕುಳಿತು ಹಳೆಯ ಕುಂಚಗಳ ಕೂದಲು ಸರಿಮಾಡುತ್ತಿದ್ದರು. ಎಂಬತ್ತಕ್ಕೆ ಒಂದು ಕಡಿಮೆ. ಕೈ ನಡುಗುತ್ತಿದ್ದುದರಿಂದ ಬೋರ್ಡು ಬರೆಯುವುದು ಬಿಟ್ಟು ಹತ್ತು ವರ್ಷವಾಗಿತ್ತು. ಕುಂಚ ತೊಳೆಯುವುದು ಬಿಟ್ಟಿರಲಿಲ್ಲ. ಮಗಳು ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, "ಅವಳು ಕೆಲಸ ಮಾಡೋದು ಗೊತ್ತು, ಏನು ಅನ್ನೋದು ಅವಳ ಆಫೀಸಿಗೂ ಗೊತ್ತಿಲ್ಲ," ಎನ್ನುತ್ತಿದ್ದರು.

ಕಾಗದವನ್ನು ಅವರು ಕೈಯುದ್ದ ದೂರ ಹಿಡಿದು ನೋಡಿದರು. ಅಕ್ಷರ ಚೆನ್ನಾಗಿಲ್ಲ, ಒಂದರ ಮೈಮೇಲೆ ಒಂದು ಬಿದ್ದಿವೆ ಎಂದರು. ಆಮೇಲೆ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, "ಹಳೇ ತಾರೀಕು ಹಾಕಿದಾರೆ," ಎಂದರು.

"ಹಾಕದೆ ಏನು. ಹನ್ನೊಂದು ವರ್ಷ ಕೇಳಿದೆ ಅಪ್ಪಾ. ಭಿಕ್ಷೆ ಬೇಡಿದ ಹಾಗೆ ಬೇಡಿದೆ. ಆಗ ನಾನು ಯಾರೂ ಅಲ್ಲ. ಈಗ ತಲೆ ಮೇಲೆ ಗೂಬೆ ಕೂರಿಸೋಕೆ ಒಂದು ತಲೆ ಬೇಕಾಯ್ತು, ಅದಕ್ಕೆ ಬೋರ್ಡು ತಂದಿದಾರೆ. ನಾಳೆ ಹೋಗಿ ಹರಿದು ಮುಖದ ಮೇಲೆ ಎಸೀತೀನಿ." ಇಷ್ಟು ಸಿಟ್ಟು ತನ್ನಲ್ಲಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಅಪ್ಪ ಕುಂಚವನ್ನು ಬಟ್ಟೆಯಲ್ಲಿ ಸುತ್ತಿಟ್ಟರು. ಅವರ ಕಾಲದಲ್ಲಿ ಹಳೆಯ ತಾರೀಕು ಹಾಕಿಸಿಕೊಳ್ಳಲು ಬರುವವರು ಬೇಕಾದಷ್ಟು ಮಂದಿ ಇದ್ದರಂತೆ. ನಿನ್ನೆ ತೆರೆದ ಅಂಗಡಿಗೆ ಅಜ್ಜನ ಕಾಲದ ಇಸವಿ ಬೇಕು ಎನ್ನುವವರು, ಹೊಸ ಬೋರ್ಡಿಗೆ ಮಣ್ಣು ತಿಕ್ಕಿ ಹಳತು ಮಾಡಿಕೊಡಿ ಎನ್ನುವವರು. ಒಬ್ಬ ಗುತ್ತಿಗೆದಾರ ಇನ್ಯಾರೋ ಕಟ್ಟಿದ ಸೇತುವೆಯನ್ನು ತಾನೇ ಕಟ್ಟಿದ್ದು ಎಂದು ತೋರಿಸಲು, ಮೂರು ವರ್ಷ ಹಿಂದಿನ ತಾರೀಕು ಹಾಕಿ ಬೋರ್ಡು ಬರೆಸಿಕೊಂಡು ಹೋಗಿ ಅಲ್ಲಿ ನೆಡಿಸಿದ. ಮರುವರ್ಷ ಸೇತುವೆ ಬಿರುಕು ಬಿಟ್ಟಿತು. ಜನ ನೆಟ್ಟಗೆ ಹೋಗಿದ್ದು ಅವನ ಮನೆ ಬಾಗಿಲಿಗೆ.

"ಬೋರ್ಡು ಬರೆಸೋರಿಗೆ ಒಂದು ಗೊತ್ತಿರಲ್ಲ ಕಣಮ್ಮ," ಎಂದರು ಅಪ್ಪ. "ಅವರಿಗೆ ಬೇಕಾದ ಸಾಲಷ್ಟೇ ಓದಿ ಅಂದ್ರೆ ಜನ ಕೇಳಲ್ಲ. ಮೇಲಿಂದ ಕೆಳಗಿನ ತನಕ ಓದ್ತಾರೆ."

ಅವಳು ಕಾಗದವನ್ನು ವಾಪಸು ತೆಗೆದುಕೊಂಡಳು. ಕೊನೆಯ ಸಾಲನ್ನು ಬಿಟ್ಟು ನಡುವಿನ ಸಾಲನ್ನು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಅದನ್ನು ಮಡಚದೆ, ಒಂದು ಪುಸ್ತಕದ ನಡುವೆ ಜೋಪಾನವಾಗಿ ಇಟ್ಟಳು.

ಮುಖ್ಯಸ್ಥ ಅವಳಿಗಿಂತ ಆರು ವರ್ಷ ಚಿಕ್ಕವನು. ಪ್ರೋಗ್ರಾಂ ಬರೆಯುವವನಾಗಿ ಸೇರಿದ ಹೊಸತರಲ್ಲಿ ಗಿರಾಕಿಯ ಮುಂದೆ ಬಾಯಿ ಬಿಡಲಾಗದೆ ಬೆವರುತ್ತಿದ್ದವನಿಗೆ ಮಾತಾಡುವುದನ್ನು ಕಲಿಸಿದವಳು ಅವಳೇ. ಆಗ ಅಕ್ಕಾ ಎನ್ನುತ್ತಿದ್ದ. ಮೇಲೆ ಹೋದ ಮೇಲೆ ಆ ಕರೆ ಏನಾದರೂ ಬೇಕಾದಾಗ ಮಾತ್ರ ಹೊರಬರುತ್ತಿತ್ತು.

"ಬನ್ನಿ ಅಕ್ಕಾ, ಕೂತ್ಕೊಳ್ಳಿ," ಎಂದ ಮಂಗಳವಾರ. ಬೆಣ್ಣೆಯಿಂದ ಕೂದಲು ತೆಗೆಯುವ ಹಾಗೆ ಮಾತಾಡಿದ. ನಿಮಗೆ ಅನ್ಯಾಯವಾಗಿತ್ತು, ಅದನ್ನು ಸರಿಪಡಿಸಲು ತಾನು ಮೇಲಿನವರೊಡನೆ ಜಗಳವನ್ನೇ ಆಡಬೇಕಾಯಿತು, ಇನ್ನು ನಿಮ್ಮ ಬಾಗಿಲ ಮೇಲೂ ಹೆಸರು ಬರುತ್ತದೆ. ಗುರುವಾರ ಡಿಪೋದಲ್ಲಿ ಹೆಚ್ಚು ಮಾತು ಬೇಡ. ಹೊಸ ವ್ಯವಸ್ಥೆ, ಶುರುವಿನಲ್ಲಿ ತೊಂದರೆಯಾಯಿತು, ಯೋಜನೆಯ ಮ್ಯಾನೇಜರ್ ಆಗಿ ಹೊಣೆ ಹೊತ್ತು ವಿಷಾದಿಸುತ್ತೇನೆ ಎಂದರೆ ಸಾಕು. ಚಾಲಕ ತೂಕಡಿಸಿದ್ದು ಅವರ ಇಲಾಖೆಯ ವಿಷಯ.

"ಕಂಪನಿ ನಿಮ್ಮ ಜೊತೆ ಇರುತ್ತೆ ಅಕ್ಕಾ."

"ಎಲ್ಲಿ ತನಕ?"

"ಅಂದ್ರೆ?"

"ಕಂಬದ ತನಕಾನಾ, ಅದರಾಚೆಗಾ?"

ಅವನು ನಕ್ಕ, ನಗು ಪೂರ್ತಿಯಾಗಲಿಲ್ಲ. "ನೀವೇ ಅಲ್ವಾ ಕೇಳ್ತಾ ಇದ್ದಿದ್ದು? ಕೊಟ್ಟಾಗ ಹೀಗಂದ್ರೆ ಹೇಗೆ?"

ಅವಳಿಗೆ ಕಿವಿಯವರೆಗೆ ಬಿಸಿಯೇರಿತು. ಆದರೂ ಪೆನ್ನು ಕೇಳಿದಳು. ಎರಡೂ ಪ್ರತಿಗಳಿಗೆ ಸಹಿ ಹಾಕಿದಳು. ತನ್ನ ಪ್ರತಿಗೆ ಅವನ ಸಹಿಯೂ ಕಂಪನಿಯ ಮೊಹರೂ ಬೇಕು ಎಂದಳು. ಅವನು ಸಂತೋಷದಿಂದಲೇ ಮೊಹರು ತರಿಸಿ, ತಾನೇ ಒತ್ತಿ, ಮಸಿ ಆರಲೆಂದು ಊದಿ ಕೊಟ್ಟ.

ವಿಚಾರಣೆ ಡಿಪೋದ ಮೇಲಿನ ಕೋಣೆಯಲ್ಲಿ ನಡೆಯಿತು. ಉದ್ದನೆಯ ಮೇಜು, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಫ್ಯಾನು, ಕಿಟಕಿಯ ಕೆಳಗೆ ಬಸ್ಸು ತೊಳೆಯುವ ನೀರಿನ ಸಪ್ಪಳ. ವಿಚಾರಣಾಧಿಕಾರಿ ನಿವೃತ್ತಿಗೆ ಹತ್ತಿರವಾದವನು, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಓದುವವನು. ಗೋಡೆಯ ಬದಿಯ ಬೆಂಚಿನಲ್ಲಿ ಹತ್ತೊಂಬತ್ತನೇ ನಂಬರಿನ ಚಾಲಕ ಕುಳಿತಿದ್ದ. ಬಲಗೈ ಮೊಣಕೈವರೆಗೆ ಬಿಳಿಯ ಕಟ್ಟಿನಲ್ಲಿತ್ತು. ಎಡಗೈಯಿಂದ ಹಾಕಿಕೊಂಡ ಅಂಗಿಯ ಗುಂಡಿಗಳು ಒಂದೊಂದು ತೂತು ತಪ್ಪಿದ್ದವು. ಪಕ್ಕದಲ್ಲಿ ಡ್ಯೂಟಿ ಗುಮಾಸ್ತ. ಅವಳು ಬಂದಾಗ ಅವನು ಕಿಟಕಿಯತ್ತ ತಿರುಗಿದ. ಮುಖ್ಯಸ್ಥ ಅವಳ ಬದಿಯ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ.

"ನೀವು ಯಾರಮ್ಮ?" ಎಂದು ಕೇಳಿದ ವಿಚಾರಣಾಧಿಕಾರಿ.

"ಈ ಯೋಜನೆಯ ಪ್ರಾಜೆಕ್ಟ್ ಮ್ಯಾನೇಜರ್."

"ಯಾವತ್ತಿಂದ?"

"ಹೋದ ತಿಂಗಳು ಒಂದನೇ ತಾರೀಕಿಂದ. ಪತ್ರ ತಂದಿದೀನಿ."

ಅವನು ಪತ್ರವನ್ನು ಮೇಲಿನಿಂದ ಓದತೊಡಗಿದ. ಆರಂಭಿಸುವ, ತಡೆಹಿಡಿಯುವ ಎಂಬಲ್ಲಿಗೆ ಬಂದಾಗ ದನಿ ಸ್ವಲ್ಪ ಏರಿತು. ಮುಗಿಯುವುದನ್ನೇ ಕಾದಿದ್ದವಳ ಹಾಗೆ ಅವಳು ಎರಡನೆಯ ಕಾಗದವನ್ನು ಮುಂದಿಟ್ಟಳು. ಹನ್ನೆರಡನೇ ತಾರೀಕಿನ ತನ್ನ ಮೇಲ್, ಅದರ ಕೆಳಗೆ ಮುಖ್ಯಸ್ಥನ ಉತ್ತರ. ವಿಚಾರಣಾಧಿಕಾರಿ ಅದನ್ನೂ ಓದಿದ. ಒಮ್ಮೆ ಇದನ್ನು, ಒಮ್ಮೆ ಅದನ್ನು ನೋಡಿದ.

"ಅಂದ್ರೆ, ತಡೆಯೋ ಅಧಿಕಾರ ಇದ್ದವರು ಮೂರು ದಿನ ಮುಂಚೆನೇ ತಡೆದಿದ್ರು."

"ಹೌದು."

"ಹಾಗಾದ್ರೆ ಶುರು ಮಾಡಿದ್ದು ಯಾರು?"

ಮುಖ್ಯಸ್ಥನ ಕಾಲು ಕೆಳಗಿಳಿಯಿತು. "ಸಾರ್, ಅದು ಹಾಗಲ್ಲ. ಆವಾಗ ಅವರಿಗೆ ಆ ಅಧಿಕಾರ ಇರ್ಲಿಲ್ಲ. ಅವರು ಬರೀ…" ಎಂದವನು ಅಲ್ಲಿಗೆ ನಿಂತ.

"ಬರೀ ಏನು?"

ವಿಚಾರಣಾಧಿಕಾರಿ ಪತ್ರವನ್ನು ಬೆಳಕಿಗೆ ಹಿಡಿದು ಮೊಹರು ನೋಡಿದ. "ಇದರ ಮೇಲೆ ಇರೋದು ನಿಮ್ಮ ಸಹಿ. ಈ ಪತ್ರ ನಿಜ ಅಂತೀರೋ, ಸುಳ್ಳು ಅಂತೀರೋ? ಎರಡರಲ್ಲಿ ಯಾವುದಂದ್ರೆ ಅದನ್ನ ಬರ್ಕೊಳ್ತೀನಿ."

ಮುಖ್ಯಸ್ಥನ ಕುತ್ತಿಗೆಯ ಮೇಲೆ, ಹೊಸತರಲ್ಲಿ ಬರುತ್ತಿದ್ದಂಥದೇ ಬೆವರು ಬಂದಿತ್ತು. ಈ ಗಳಿಗೆಯನ್ನು ಅವಳು ಮೂರು ದಿನದಿಂದ ಮನಸ್ಸಿನಲ್ಲಿ ಎಷ್ಟು ಸಲ ಆಡಿಸಿ ನೋಡಿದ್ದಳೋ. ಈಗ ಅದು ಬಂದಾಗ ನೆಮ್ಮದಿಯಾಗಲಿಲ್ಲ. ಸಿಟ್ಟು ಎದೆಯಲ್ಲಿ ಇದ್ದಲ್ಲೇ ಇತ್ತು, ಹೋಗಲು ಬೇರೆ ಬಾಗಿಲು ಹುಡುಕುತ್ತಿತ್ತು.

ವಿಚಾರಣಾಧಿಕಾರಿ ಅವಳತ್ತ ತಿರುಗಿದ. "ನೀವು ತಡೀರಿ ಅಂತ ಬರೆದ್ರಿ. ಅವರು ಒಪ್ಪಲಿಲ್ಲ. ಆಮೇಲೆ ನೀವೇನು ಮಾಡಿದ್ರಿ?"

ಈ ಪ್ರಶ್ನೆ ಬರುತ್ತದೆಂದು ಅವಳು ಎಣಿಸಿರಲಿಲ್ಲ. ಬೇರೆ ಯಾವತ್ತಾದರೂ ಕೇಳಿದ್ದರೆ ಉತ್ತರ ಸುಲಭವಾಗಿತ್ತು: ನಾನು ಬರೀ ಕೋಆರ್ಡಿನೇಟರ್, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿರಲಿಲ್ಲ. ಅವಳು ಅದನ್ನೇ ಹೇಳಿ ಪತ್ರವನ್ನು ತಾನೇ ಸುಳ್ಳಾಗಿಸಲಿ ಎಂದು ಮುಖ್ಯಸ್ಥನೂ ಈಗ ಕಾಯುತ್ತಿದ್ದ. ಅವನ ಕಣ್ಣಿನಲ್ಲಿ ಅದು ಕಾಣುತ್ತಿತ್ತು. ಬೆಂಚಿನ ಮೇಲೆ ಚಾಲಕ ಎಡಗೈಯಿಂದ ಬಲಗೈಯನ್ನು ಮಗುವನ್ನು ಹಿಡಿದ ಹಾಗೆ ಹಿಡಿದುಕೊಂಡಿದ್ದ.

"ಮನೆಗೆ ಹೋದೆ," ಎಂದಳು.

"ಡಿಪೋದವರಿಗೆ ತಿಳಿಸಿದ್ರಾ?"

"ಇಲ್ಲ. ಡ್ಯೂಟಿ ಗುಮಾಸ್ತರು ತಾವೇ ಹೋಗಿ ನಿಲ್ಲಿಸ್ತೀನಿ ಅಂದಿದ್ರು. ನಾನು ಬೇಡ ಅಂದೆ, ನಾನೇ ನಿಲ್ಲಿಸ್ತೀನಿ ಅಂತ ಮಾತು ಕೊಟ್ಟೆ. ನನ್ನ ಕೈಲಿ ಆಗ್ಲಿಲ್ಲ. ಆಗ್ಲಿಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಅವರು ನನ್ನನ್ನ ಏನೋ ಅಂದ್ಕೊಂಡಿದ್ರು. ಶನಿವಾರ, ಭಾನುವಾರ, ಎರಡು ದಿನ ಫೋನು ನನ್ನ ಪಕ್ಕದಲ್ಲೇ ಇತ್ತು."

ಕಿಟಕಿಯತ್ತ ನೋಡುತ್ತಿದ್ದ ಡ್ಯೂಟಿ ಗುಮಾಸ್ತ ಅಲುಗಾಡಲಿಲ್ಲ.

"ಇದನ್ನ ಬರ್ಕೊಳ್ಳಲಾ ಅಮ್ಮ?" ಎಂದು ಕೇಳಿದ ವಿಚಾರಣಾಧಿಕಾರಿ. ಬರೆದುಕೊಂಡರೆ ಏನಾಗುತ್ತದೆ ಎಂದು ಗೊತ್ತಿದೆಯೇ ಎನ್ನುವ ಹಾಗಿತ್ತು ಆ ದನಿ.

"ಬರ್ಕೊಳ್ಳಿ. ಅದರ ಕೆಳಗೆ ಇನ್ನೊಂದೂ ಬರ್ಕೊಳ್ಳಿ. ಈ ಚಾಲಕರು ಐದೂವರೆ ಗಂಟೆ ಬಿಡುವಿನಲ್ಲಿ ಬಸ್ ಹತ್ತಿದ್ರು. ಹತ್ತಿಸಿದ್ದು ನಮ್ಮ ಪಟ್ಟಿ. ಅವರ ತಪ್ಪು ಇದರಲ್ಲಿ ಏನೂ ಇಲ್ಲ. ಸಹಿ ಹಾಕ್ತೀನಿ, ಹುದ್ದೆ ಸಮೇತ."

ಅವನು ಬರೆದುಕೊಂಡ. ಅವಳು ಸಹಿ ಹಾಕಿ, ಕೆಳಗೆ ತನ್ನ ಹುದ್ದೆಯನ್ನು ಒಂದೊಂದೇ ಅಕ್ಷರ ಬಿಡಿಸಿ ಬರೆದಳು. ಆಮೇಲೆ ಮುಖ್ಯಸ್ಥನಿಗೆ ಕಾಗದ ಹೋಯಿತು. ಪತ್ರ ನಿಜ ಎಂದು ಬರೆಯಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಚಾಲಕನ ಅಮಾನತಿನ ಕಾಗದವನ್ನು ವಿಚಾರಣಾಧಿಕಾರಿ ಕಡತದಿಂದ ಬಿಡಿಸಿ ತೆಗೆದು, ಬೇರೆಯಾಗಿ ಇಟ್ಟುಕೊಂಡ. ಮುಂದಿನ ವಾರ ಆದೇಶ ಬರುತ್ತದೆ, ಅಷ್ಟರಲ್ಲಿ ಕೈ ನೋಡಿಕೋ ಎಂದು ಅವನಿಗೆ ಹೇಳಿದ.

ಮೆಟ್ಟಿಲಿನ ಬುಡದಲ್ಲಿ ಮುಖ್ಯಸ್ಥ ಅವಳನ್ನು ಕಾಯುತ್ತಿದ್ದ. ಈಗ ಮಾತಿನಲ್ಲಿ 'ಅಕ್ಕಾ' ಇರಲಿಲ್ಲ. "ತುಂಬಾ ಜಾಣತನ ಆಯ್ತು. ಈ ಬೋರ್ಡು ಎಷ್ಟು ದಿನ ಇರುತ್ತೋ ನೋಡೋಣ," ಎಂದು ಹೇಳಿ ಕಾರಿನ ಬಾಗಿಲನ್ನು ಬಡಿದು ಹೊರಟುಹೋದ. ಅವಳನ್ನು ಕರೆತಂದಿದ್ದು ಅದೇ ಕಾರು.

ಅಂಗಳದಲ್ಲಿ ಬಿಸಿಲಿತ್ತು. ಗುದ್ದಿಸಿಕೊಂಡ ಕಂಬಕ್ಕೆ ಹೊಸ ಸಿಮೆಂಟು ಮೆತ್ತಿದ್ದರು, ಅದಿನ್ನೂ ಬೇರೆ ಬಣ್ಣದಲ್ಲಿತ್ತು. ಹೋಗುವುದು ಎಲ್ಲಿಗೆಂದು ತಿಳಿಯದೆ ಅವಳು ಡಿಪೋದ ಕ್ಯಾಂಟೀನಿನೊಳಗೆ ಹೋಗಿ, ಬಾಗಿಲ ಹತ್ತಿರದ ಖಾಲಿ ಮೇಜಿನಲ್ಲಿ ಕುಳಿತಳು. ಬೆಳಗಿನಿಂದ ಏನೂ ತಿಂದಿರಲಿಲ್ಲ, ಆದರೂ ಎದ್ದು ಸಾಲಿನಲ್ಲಿ ನಿಲ್ಲಲಿಲ್ಲ. ಚಾಲಕರು ಬರುತ್ತಿದ್ದರು, ಹೋಗುತ್ತಿದ್ದರು. ಕೆಲವರು ಅವಳನ್ನು ನೋಡಿ ದನಿ ತಗ್ಗಿಸಿದರು. ಆ ಮೇಜಿಗೆ ಯಾರೂ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಡ್ಯೂಟಿ ಗುಮಾಸ್ತ ಹತ್ತೊಂಬತ್ತನೇ ನಂಬರಿನವನನ್ನು ಕರೆದುಕೊಂಡು ಬಂದ. ಅವನನ್ನು ಮೂಲೆಯ ಮೇಜಿನಲ್ಲಿ ಕೂರಿಸಿ, ಸಾಲಿನಲ್ಲಿ ನಿಂತು ಊಟದ ತಟ್ಟೆ ತಂದ. ಎಡಗೈಯಲ್ಲಿ ಚಮಚ ಹಿಡಿಯಲು ಸುಲಭವಾಗಲೆಂದು ತಾನೇ ಎಲ್ಲವನ್ನೂ ಕಲಸಿ, ಬಿಸಿ ಆರಿಸಿ ಅವನ ಮುಂದೆ ಸರಿಸಿದ. ಅಂಗಿಯ ತಪ್ಪಿದ ಗುಂಡಿಗಳನ್ನು ನೋಡಿ ಏನೋ ಗೊಣಗಿದ. ಆಮೇಲೆ ಮತ್ತೆ ಸಾಲಿಗೆ ಹೋದ. ಸಾಲು ಉದ್ದವಿತ್ತು. ಅವನು ಒಂದೊಂದೇ ಹೆಜ್ಜೆ ಮುಂದೆ ಬರುವುದನ್ನು ಅವಳು ಸುಮ್ಮನೆ ನೋಡುತ್ತಿದ್ದಳು.

ತನಗೆಂದು ಎರಡನೆಯ ತಟ್ಟೆ ಹಿಡಿದು ಮೂಲೆಯ ಮೇಜಿನತ್ತ ಹೊರಟವನು, ನಡುವೆ ನಿಂತು, ಬಾಗಿಲ ಕಡೆಗೆ ಬಂದ. ತಟ್ಟೆಯನ್ನು ಅವಳ ಮುಂದಿಟ್ಟ. ಜೇಬಿನಿಂದ ಚಮಚ ತೆಗೆದು ಟವೆಲಿಗೆ ಒರೆಸಿ ತಟ್ಟೆಯ ಅಂಚಿಗೆ ಒರಗಿಸಿದ. ಅವಳ ಮುಖವನ್ನು ನೋಡಲಿಲ್ಲ. ತಿರುಗಿ ಹೋಗಿ ಸಾಲಿನ ಕಟ್ಟಕಡೆಯಲ್ಲಿ, ಕೈಗಳನ್ನು ಹಿಂದೆ ಕಟ್ಟಿಕೊಂಡು ಮತ್ತೆ ನಿಂತ.